ಹರ್ಕ್ಯುಲಿಸನಿಗೆ ಒಂದು ಪ್ರದಕ್ಷಿಣೆ

ಕತ್ತಲಲ್ಲಿ ನಿಂತು ಮಾತಾಡುವ ಕೆಲಸವೊಂದಿದೆ ಎಂದು ಗೊತ್ತಾದ ದಿನವೇ ಅದು ನನಗೆ ಬೇಕು ಅನ್ನಿಸಿತ್ತು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಡೆಟ್ರಾಯಿಟ್‌ನ ಹೊರವಲಯದ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರದ ಎಂ.ಎಸ್. ಓದುತ್ತಿದ್ದೆ. ವಿಜ್ಞಾನ ಕಟ್ಟಡದ ತುದಿಯಲ್ಲಿ ಕಾಲೇಜಿನದೇ ಒಂದು ಪುಟ್ಟ ತಾರಾಲಯವಿತ್ತು. ಗುಮ್ಮಟದ ಕೆಳಗೆ ದುಂಡಗೆ ಜೋಡಿಸಿದ ಕುರ್ಚಿಗಳು, ನಟ್ಟನಡುವೆ ದೊಡ್ಡ ಇರುವೆಯಂಥ ಕಪ್ಪು ಯಂತ್ರ. ಶಾಲೆಯ ಮಕ್ಕಳು ಹಳದಿ ಬಸ್ಸಿನಲ್ಲಿ ಬಂದು ಕೂರುತ್ತಿದ್ದರು, ದೀಪ ಆರುತ್ತಿತ್ತು, ಯಂತ್ರ ನಕ್ಷತ್ರಗಳನ್ನು ಚೆಲ್ಲುತ್ತಿತ್ತು, ಯಾರೋ ಒಬ್ಬರು ಗೋಡೆಯ ಪಕ್ಕದಲ್ಲಿ ನಿಂತು ಅವುಗಳ ಕಥೆ ಹೇಳುತ್ತಿದ್ದರು. ಹೇಳುವವರ ಮುಖ ಯಾರಿಗೂ ಕಾಣುತ್ತಿರಲಿಲ್ಲ. ನನ್ನ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಏರ್ಪಾಡು ಇರಲಿಲ್ಲ.

ನಾನು ಮಾತು ಕಡಿಮೆಯವಳು. ವಿಷಯ ಇಲ್ಲದೆ ಅಲ್ಲ. ಎದುರಿಗಿದ್ದವರು ನನ್ನ ಮುಖವನ್ನೇ ನೋಡತೊಡಗಿದರೆ ಶುರು ಮಾಡಿದ ವಾಕ್ಯಕ್ಕೆ ಕ್ರಿಯಾಪದ ಸಿಗುವುದಿಲ್ಲ. ಆದರೆ ಗೊತ್ತಿರುವುದನ್ನು ಇನ್ನೊಬ್ಬರಿಗೆ ಹೇಳುವ ಆಸೆ ಮಾತ್ರ ಚಿಕ್ಕಂದಿನಿಂದ ಇತ್ತು. ಈ ಎರಡೂ ಒಟ್ಟಿಗೆ ಬಾಳುವ ಜಾಗ ಭೂಮಿಯ ಮೇಲೆ ತಾರಾಲಯವೊಂದೇ ಎಂದು ನಾನು ತೀರ್ಮಾನಿಸಿದೆ.

ಶರತ್ಕಾಲದ ಸೆಮಿಸ್ಟರಿಗೆ ಒಬ್ಬ ನಿರೂಪಕರು ಬೇಕಾಗಿದ್ದಾರೆ ಎಂಬ ಚೀಟಿ ಬಾಗಿಲಿನ ಮೇಲೆ ಕಂಡಾಗ ಒಳಗೆ ಹೋಗಿ ಕೇಳಿದೆ. ತಾರಾಲಯದ ನಿರ್ದೇಶಕಿ ಎತ್ತರದ ಹೆಂಗಸು. ನರೆತ ಕೂದಲನ್ನು ತುರುಬು ಸುತ್ತಿ ಅದಕ್ಕೆ ಪೆನ್ಸಿಲ್ ಚುಚ್ಚಿಕೊಂಡಿರುತ್ತಿದ್ದರು. ನನ್ನನ್ನು ಕೂರಿಸಿಕೊಂಡು ಸಪ್ತರ್ಷಿಮಂಡಲದ ಬಗ್ಗೆ ಏನಾದರೂ ಹೇಳಿ ಎಂದರು. ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ಒಂದೂ ತಪ್ಪಿಲ್ಲ. ಆದರೆ ವಾಷಿಂಗ್ ಮಷಿನ್ನಿನ ಜೊತೆ ಬರುವ ಪುಸ್ತಕ ಓದಿದ ಹಾಗಿತ್ತು,” ಎಂದರು.

ಆಮೇಲೆ ಅವರ ಪರೀಕ್ಷೆ ಏನೆಂದು ವಿವರಿಸಿದರು. ಜೂನ್‌ನ ಒಂದು ಶನಿವಾರ ಸಂಜೆ ಗುಮ್ಮಟವನ್ನು ನನಗೆ ಬಿಟ್ಟುಕೊಡುತ್ತಾರೆ. ಒಂದೇ ನಕ್ಷತ್ರಪುಂಜ, ಹದಿನೈದು ನಿಮಿಷ. ಪ್ರೇಕ್ಷಕರನ್ನು ನಾನೇ ಕರೆತರಬೇಕು. ಕೊನೆಯಲ್ಲಿ ಅವರು ರೇಖಾಚಿತ್ರವನ್ನೆಲ್ಲ ಆರಿಸಿ, ಬರೀ ಚುಕ್ಕಿಗಳನ್ನು ಉಳಿಸಿ, ಪ್ರೇಕ್ಷಕರಲ್ಲಿ ತಮಗೆ ಬೇಕಾದ ಒಬ್ಬರ ಕೈಗೆ ಬೆಳಕಿನ ಬಾಣ ಬಿಡುವ ಟಾರ್ಚ್ ಕೊಡುತ್ತಾರೆ. ಆ ಒಬ್ಬರು ಪುಂಜವನ್ನು ಸರಿಯಾಗಿ ತೋರಿಸಿದರೆ ಕೆಲಸ ನನ್ನದು. ತೋರಿಸದಿದ್ದರೆ ಇಲ್ಲ.

“ಯಾವ ಪುಂಜ?” ಎಂದರು.

ಜೂನ್‌ನಲ್ಲಿ ಚೇಳು ಇರುತ್ತದೆ. ಚೇಳು ಚೇಳಿನಂತೆಯೇ ಕಾಣುತ್ತದೆ, ಕೊಂಡಿ ಸಮೇತ. ಬುದ್ಧಿಯಿದ್ದವರು ಅದನ್ನೇ ಹೇಳುತ್ತಿದ್ದರು. ನಾನು ಹರ್ಕ್ಯುಲಿಸ್ ಎಂದೆ.

ಅವರು ತುರುಬಿನಿಂದ ಪೆನ್ಸಿಲ್ ತೆಗೆದು, ಏನೂ ಬರೆಯದೆ ಮತ್ತೆ ಸಿಕ್ಕಿಸಿಕೊಂಡರು. “ಧೈರ್ಯ ಇದೆ,” ಎಂದರು. ಹೊಗಳಿಕೆಯ ಧ್ವನಿಯಲ್ಲಿ ಅಲ್ಲ.

ಹರ್ಕ್ಯುಲಿಸನ ಹೆಸರು ಕೇಳದವರಿಲ್ಲ, ಆಕಾಶದಲ್ಲಿ ಅವನನ್ನು ಕಂಡವರು ಬಹಳ ಕಡಿಮೆ. ಗ್ರೀಕರ ವೀರರಲ್ಲೆಲ್ಲ ಬಲಶಾಲಿಯಾದ ಇವನಿಗೆ ಸಿಕ್ಕಿರುವುದು ಮಂಕು ನಕ್ಷತ್ರಗಳು. ನಡುವಿನ ನಾಲ್ಕು ಸೇರಿ ಒಂದು ಸೊಟ್ಟ ಚೌಕವಾಗುತ್ತವೆ. ಅದು ಅವನ ಮುಂಡ. ಉಳಿದ ಕೈಕಾಲು ತಲೆಗಳನ್ನು ಹುಡುಕಿಕೊಳ್ಳಬೇಕು. ಆದರೆ ಇಂಥವನ ವಿಳಾಸ ಮಾತ್ರ ಬಲು ಚೆನ್ನಾಗಿದೆ: ಒಂದು ಕಡೆ ಸ್ವಾತಿ, ಇನ್ನೊಂದು ಕಡೆ ಅಭಿಜಿತ್, ನಡುವೆ ಇವನು. ನಮ್ಮವರ ಜಾತಕ, ಮುಹೂರ್ತಗಳಲ್ಲಿ ಓಡಾಡುವ ಎರಡು ಹೆಸರುಗಳ ಮಧ್ಯೆ ಒಬ್ಬ ಗ್ರೀಕ್ ವೀರ ಬಾಡಿಗೆಗಿದ್ದಾನೆ ಎಂಬುದು ನನಗೆ ಇಷ್ಟವಾಗಿತ್ತು.

ನಾನೂ ಬಾಡಿಗೆಗೆ ಇದ್ದವಳೇ. ಸ್ಟರ್ಲಿಂಗ್ ಹೈಟ್ಸ್‌ನ ಒಂದು ಸಬ್‌ಡಿವಿಷನ್ನಿನಲ್ಲಿ, ಅಂದರೆ ಬಡಾವಣೆಯಲ್ಲಿ, ಕನ್ನಡದ ಮನೆಯೊಂದರ ನೆಲಮಾಳಿಗೆಯ ಕೋಣೆ ನನ್ನದು. ಮನೆಯ ಆಂಟಿ ಮೈಸೂರಿನವರು, ಅಂಕಲ್ ಹುಬ್ಬಳ್ಳಿಯವರು, ಕಾರಿನ ಕಾರ್ಖಾನೆಯೊಂದರಲ್ಲಿ ಎಂಜಿನಿಯರ್. ಅವರಿಗೆ ಹನ್ನೊಂದರ ಮಗಳು. ಅವಳಿಗೆ ಮೈಸೂರು, ಹುಬ್ಬಳ್ಳಿ ಎರಡೂ ಕನ್ನಡ ಅರ್ಥವಾಗುತ್ತಿದ್ದವು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಅಡುಗೆಮನೆಯ ಮೇಜಿನ ಮೇಲೆ ಕಾಗದ ಹರಡಿ ಹರ್ಕ್ಯುಲಿಸನ ಚುಕ್ಕಿಗಳನ್ನು ಇಟ್ಟು ಅವಳಿಗೆ ತೋರಿಸಿದೆ. ಮೊದಲ ಪ್ರೇಕ್ಷಕಿ ಎಂದು.

“ಇಟ್ಸ್ ಎ ಬಾಕ್ಸ್,” ಎಂದಳು.

“ಇದು ಮುಂಡ. ಇಲ್ಲಿ ಮಂಡಿ ಊರಿದಾನೆ ನೋಡು. ಇದು ತಲೆ.”

“ಇಟ್ಸ್ ಎ ಬಾಕ್ಸ್ ವಿತ್ ಲೆಗ್ಸ್.”

ಅಂಕಲ್ ಚಹಾ ಹಿಡಿದು ಬಂದು ಬಗ್ಗಿ ನೋಡಿದರು. “ನಮ್ಮ ತೊಗರಿಬ್ಯಾಳಿ ಡಬ್ಬಿ ಜಜ್ಜಿದಂಗ ಐತಲ್ಲವಾ. ಯಾರಂದಿ ಇವನು?”

“ಹರ್ಕ್ಯುಲಿಸ್, ಅಂಕಲ್.”

“ಸೈಕಲ್ಲಾ?”

ಆಂಟಿ ಒಗ್ಗರಣೆ ಬಿಟ್ಟು ತಿರುಗಲಿಲ್ಲ. “ಪಾಪ ಓದ್ತಿದಾಳೆ, ಸುಮ್ನಿರಿ. ಮೊದ್ಲು ಇವಳು ಜನರ ಎದುರು ಬಾಯಿ ಬಿಡ್ಲಿ, ಆಮೇಲೆ ಡಬ್ಬಿನೋ ಸೈಕಲ್ಲೋ ನೋಡೋಣ.”

ಶಿಕಾಗೋ ಹತ್ತಿರದ ಎಲ್ಕ್ ಗ್ರೋವ್ ವಿಲೇಜ್‌ನಲ್ಲಿದ್ದ ನನ್ನ ದೊಡ್ಡಮ್ಮನ ಮಗಳಿಗೂ ಫೋನಿನಲ್ಲಿ ಸುದ್ದಿ ಹೇಳಿದೆ. ಅವಳು ನಗು ತಡೆದುಕೊಳ್ಳಲು ಪ್ರಯತ್ನ ಕೂಡ ಮಾಡಲಿಲ್ಲ. “ನೀನು? ಮೈಕ್ ಹಿಡ್ದು? ನಮ್ಮನೇಲಿ ಎರಡು ತಿಂಗಳು ಇದ್ದೆಯಲ್ಲ, ಉಪ್ಪು ಬೇಕು ಅಂತ ಕೇಳಕ್ಕೆ ನಾಚ್ಕೊಂಡು ಸಪ್ಪೆ ಸಾರು ತಿಂದವಳು.” ಅದು ನಿಜ. ಒಮ್ಮೆ ಮಾತ್ರ.

ಏಪ್ರಿಲ್‌ನಲ್ಲಿ ಕನ್ನಡ ಕೂಟದ ಯುಗಾದಿ ಕಾರ್ಯಕ್ರಮ ಬಂತು. ಶಾಲೆಯ ಸಭಾಂಗಣ ಸಿಗದೆ ಆ ವರ್ಷ ಊರಿನ ಒಂದು ಇಟಾಲಿಯನ್ ಬ್ಯಾಂಕ್ವೆಟ್ ಹಾಲನ್ನು ಹಿಡಿದಿದ್ದರು. ಅಮೃತಶಿಲೆಯಂತೆ ಬಳಿದ ಕಂಬಗಳು, ನೀರಿಲ್ಲದ ಕಾರಂಜಿ, ಅದರ ಪಕ್ಕ ಆಳೆತ್ತರಕ್ಕಿಂತ ತುಸು ದೊಡ್ಡದೊಂದು ಬಿಳಿ ಶಿಲ್ಪ. ಹೆಸರು ಬರೆಸುವ ಮೇಜನ್ನು ಅಲ್ಲೇ ಹಾಕಿದ್ದರಿಂದ ಬಂದವರೆಲ್ಲ ಮೊದಲು ಆ ಶಿಲ್ಪದ ಎದುರೇ ನಿಲ್ಲಬೇಕಾಗಿತ್ತು.

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಅದು ಹರ್ಕ್ಯುಲಿಸ್. ಲೈಬ್ರರಿಯ ಪುಸ್ತಕಗಳಲ್ಲಿ ತಿಂಗಳಿಂದ ನೋಡುತ್ತಿದ್ದ ಭಂಗಿಯೇ: ಎಡ ಕಂಕುಳಿಗೆ ದೊಣ್ಣೆ ಊರಿ, ದೊಣ್ಣೆಯ ಮೇಲೆ ಸಿಂಹದ ಚರ್ಮ ಹಾಕಿ, ತಲೆ ಬಗ್ಗಿಸಿ ನಿಂತ ದಣಿದ ಗಂಡಸು. ಪ್ರಾಚೀನ ಶಿಲ್ಪದ ಅಗ್ಗದ ಪ್ರತಿ. ಮೈಮೇಲೆ ಇದ್ದದ್ದು ಒಂದು ಎಲೆ.

ಆ ಎಲೆಯ ಬಗ್ಗೆ ಕಮಿಟಿಯಲ್ಲಿ ಆಗಲೇ ಚರ್ಚೆ ನಡೆದಿತ್ತು. ವೇದಿಕೆಯ ಅತಿಥಿಗಳಿಗೆಂದು ತಂದಿದ್ದ ಶಲ್ಯಗಳಲ್ಲಿ ಒಂದನ್ನು ಯಾರೋ ತಂದು ಅವನ ಸೊಂಟಕ್ಕೆ ಸುತ್ತಿದರು. ಜರಿಯಂಚಿನ ಶಲ್ಯ. ಹರ್ಕ್ಯುಲಿಸ್ ಈಗ ಮದುವೆಮನೆಯಲ್ಲಿ ಊಟಕ್ಕೆ ತಡವಾದ ಬೀಗರಂತೆ ಕಾಣತೊಡಗಿದ. ಅಷ್ಟರಲ್ಲಿ ಮುಖ್ಯ ಅತಿಥಿಗಳ ಹೆಂಡತಿ ಬರಲಿಲ್ಲವೆಂದು ಒಂದು ಹಾರ ಉಳಿಯಿತು. ಉಳಿದ ಹಾರವನ್ನು ಮೇಜಿನ ಮೇಲಿಟ್ಟರೆ ಬಾಡುತ್ತದೆಂದು ಇನ್ಯಾರೋ ಅದನ್ನು ಅವನ ಕೊರಳಿಗೆ ಹಾಕಿದರು.

ಮುಂಚೂಣಿಯಲ್ಲಿದ್ದ ಅಂಕಲ್‌ಗಳಲ್ಲಿ ವಾದ ಹುಟ್ಟಿತು. ಭೀಮ ಎಂದರು ಒಬ್ಬರು, ಗದೆ ಇದೆಯಲ್ಲ. ನಮ್ಮನೆ ಅಂಕಲ್ ಒಪ್ಪಲಿಲ್ಲ. “ಭೀಮ ಹಿಂಗ ದಣದು ನಿಂತಿದ್ದು ಎಲ್ಲರ ಕೇಳೀರೇನ್ರಿ? ಇವಗ ಯಾರೋ ಮೂರು ಶಿಫ್ಟ್ ಹಾಕ್ಯಾರ.”

ಆಂಟಿ ಹೆಸರು ಬರೆಸುವ ಮೇಜಿಗೆ ಕೂತಿದ್ದರು. ಜನ ಬರುವುದು ನಿಂತ ಮೇಲೆ ಎದ್ದು, ಸೆರಗು ಸರಿಮಾಡಿಕೊಂಡು, ಶಿಲ್ಪದ ಎದುರು ಒಂದು ಕ್ಷಣ ನಿಂತರು. ಆಮೇಲೆ ಎಡಕ್ಕೆ ಹೊರಳಿ, ಮೂರ್ತಿಯನ್ನು ಬಲಕ್ಕಿಟ್ಟುಕೊಂಡು, ಒಂದು ಸುತ್ತು ಹೊರಟರು. ಭಕ್ತಿಯಿಂದಲ್ಲ. ಹಾರ ಹಾಕಿಕೊಂಡು ನಿಂತ ಯಾವುದರ ಎದುರಿಗಾದರೂ ಆ ಕಾಲುಗಳು ಮಾಡುತ್ತಿದ್ದ ಕೆಲಸವೇ ಅದು. ಬೆನ್ನ ಹಿಂದೆ ಹೋದವರು ಅಲ್ಲೇ ನಿಂತರು.

“ಏ ಹುಡ್ಗಿ, ಬಾ ಇಲ್ಲಿ. ಇವನು ಹಿಂದೆ ಏನೋ ಹಿಡ್ಕೊಂಡಿದಾನೆ.”

ಹೋದೆ. ಹರ್ಕ್ಯುಲಿಸ್ ಬಲಗೈಯನ್ನು ಬೆನ್ನ ಹಿಂದೆ ಮಡಚಿದ್ದ. ಅಂಗೈಯಲ್ಲಿ ಸೇಬುಗಳಿದ್ದವು. ನಾನು ಓದಿದ್ದ ಪುಸ್ತಕಗಳಲ್ಲೆಲ್ಲ ಅವನ ಚಿತ್ರ ಮುಂದಿನಿಂದಲೇ ಇತ್ತು. ಸೇಬಿನ ವಿಷಯ ಯಾವುದೋ ಸಾಲಿನಲ್ಲಿ ಬಂದಿತ್ತು, ಆದರೆ ಓದುವುದು ಬೇರೆ, ಗೋಡೆಗೂ ಬೆನ್ನಿಗೂ ನಡುವಿನ ಇಕ್ಕಟ್ಟಿನಲ್ಲಿ ನಿಂತು ಧೂಳು ಹಿಡಿದ ಆ ಹಣ್ಣುಗಳನ್ನು ನೋಡುವುದು ಬೇರೆ.

“ಏನೇ ಅದು, ಲಾಡುನಾ?”

“ಸೇಬು ಆಂಟಿ. ಚಿನ್ನದ್ದು.” ಹೇಳತೊಡಗಿದೆ. ಅವನಿಗೆ ಒಬ್ಬ ರಾಜ ಒಂದಾದ ಮೇಲೊಂದು ಅಸಾಧ್ಯದ ಕೆಲಸ ಹೇಳುತ್ತಿದ್ದದ್ದು, ಕೊನೆಕೊನೆಗೆ ಭೂಮಿಯ ಅಂಚಿನ ತೋಟದಿಂದ ಚಿನ್ನದ ಸೇಬು ತಾ ಎಂದದ್ದು, ಆಕಾಶ ಹೊತ್ತು ನಿಂತಿದ್ದವನನ್ನು ಹಣ್ಣು ತರಲು ಕಳಿಸಿ ಅಷ್ಟು ಹೊತ್ತು ಇವನೇ ಆಕಾಶ ಹೊತ್ತದ್ದು, ಹಣ್ಣು ತಂದವನು ‘ಇನ್ನು ನೀನೇ ಹೊತ್ತುಕೊಂಡಿರು’ ಎಂದಾಗ ಇವನು ‘ಆಗಲಿ, ಭುಜಕ್ಕೊಂದು ಸಿಂಬಿ ಇಟ್ಟುಕೊಳ್ಳುತ್ತೇನೆ, ಒಂದು ಗಳಿಗೆ ಹಿಡಿ’ ಎಂದು ಹಣ್ಣು ಎತ್ತಿಕೊಂಡು ನಡೆದದ್ದು.

ಕೇಳುತ್ತಿದ್ದವರು ಆಂಟಿ ಒಬ್ಬರೇ ಅಲ್ಲ ಎಂದು ಕಥೆ ಮುಗಿಯುವ ಹೊತ್ತಿಗೆ ಗೊತ್ತಾಯಿತು. ಆ ಸಂದಿಯಲ್ಲಿ ಏಳೆಂಟು ಜನ ಒತ್ತಿಕೊಂಡು ನಿಂತಿದ್ದರು. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಸೇಬಿನ ಮೇಲಿತ್ತು. ನನ್ನ ವಾಕ್ಯಗಳಿಗೆಲ್ಲ ಕ್ರಿಯಾಪದ ಸಿಕ್ಕಿತ್ತು.

ಅವರಲ್ಲಿ ಟೈಲ್ಸ್ ಅಂಗಡಿಯ ಅಂಕಲ್ ಒಬ್ಬರಿದ್ದರು. ಕಲಬುರ್ಗಿ ಕಡೆಯ ಮುಸ್ಲಿಂ ಕುಟುಂಬ, ಕೂಟದ ಯಾವ ಕಾರ್ಯಕ್ರಮವನ್ನೂ ತಪ್ಪಿಸುತ್ತಿರಲಿಲ್ಲ. ಬೆರಳಿನಿಂದ ಹರ್ಕ್ಯುಲಿಸನ ಬೆನ್ನು ಟಕಟಕ ಬಡಿದು ನೋಡಿ, “ಪ್ಲಾಸ್ಟರ್ ಅದ, ಒಳಗ ಟೊಳ್ಳು,” ಎಂದು ವ್ಯಾಪಾರದ ತೀರ್ಪು ಕೊಟ್ಟರು. ಆಮೇಲೆ, “ಆದ್ರ ಮನಷ್ಯ ಪಕ್ಕಾ ಇದಾನ ನೋಡ್ರಿ. ಮುಂದ ಬಂದವರಿಗಿ ಸುಸ್ತಾಗೇದ ಅಂತ ತೋರಸ್ತಾನ, ಮಾಲು ಹಿಂದ ಇಟ್ಟಾನ. ನಿಮ್ಮ ಶೋ ಯಾವಾಗ ಅದವಾ? ವ್ಯಾನ್ ನಾ ತರ್ತೀನಿ.”

ಹೀಗೆ ಪ್ರೇಕ್ಷಕರ ಸಮಸ್ಯೆ ನಾನು ಯಾರನ್ನೂ ಕೇಳದೆಯೇ ಬಗೆಹರಿಯಿತು.

ಮೇ ತಿಂಗಳಿಡೀ ಅಭ್ಯಾಸ ಮಾಡಿದೆ. ಮಧ್ಯಾಹ್ನ ಗುಮ್ಮಟ ಖಾಲಿ ಇದ್ದಾಗ ನಿರ್ದೇಶಕಿ ಬೀಗದ ಕೈ ಕೊಡುತ್ತಿದ್ದರು. ಯಂತ್ರ ನಡೆಸುವ ಗುಂಡಿಗಳ ಮೇಜು ದಕ್ಷಿಣದ ಗೋಡೆಗಿತ್ತು. ಅಲ್ಲಿ ನಿಂತು ಉತ್ತರಕ್ಕೆ ಮುಖ ಮಾಡಿ ತಲೆಯೆತ್ತಿದರೆ, ನೆತ್ತಿಯ ಹತ್ತಿರ ಹರ್ಕ್ಯುಲಿಸ್ ಒಂದು ಮಂಡಿಯೂರಿ ಕುಳಿತಿರುತ್ತಿದ್ದ, ಒಂದು ಪಾದ ಘಟಸರ್ಪದ ತಲೆಯ ಮೇಲೆ. ಸೊಟ್ಟ ಚೌಕದ ಒಂದು ಬದಿಯಲ್ಲಿ, ಸೊಂಟದ ಪಕ್ಕ ಎನ್ನಬಹುದಾದ ಕಡೆ, ಮಸುಕಾದ ಒಂದು ಹತ್ತಿಯ ಉಂಡೆಯಿದೆ. ಅದು ಒಂದು ಚುಕ್ಕಿಯಲ್ಲ, ಲಕ್ಷಾಂತರ ನಕ್ಷತ್ರಗಳ ಗೊಂಚಲು. ನೇರವಾಗಿ ದಿಟ್ಟಿಸಿದರೆ ಕಾಣುವುದಿಲ್ಲ. ಕಣ್ಣನ್ನು ತುಸು ಪಕ್ಕಕ್ಕೆ ಇಟ್ಟರೆ ಬರುತ್ತದೆ. ಅದನ್ನೇ ಅವನು ಬಚ್ಚಿಟ್ಟುಕೊಂಡ ಹಣ್ಣು ಎಂದು ಹೇಳುವುದೆಂದು ನಿರ್ಧರಿಸಿದೆ. ಗ್ರೀಕರು ಹಾಗೆ ಹೇಳಿಲ್ಲ. ಅವರು ಆ ಬ್ಯಾಂಕ್ವೆಟ್ ಹಾಲಿಗೆ ಬಂದಿರಲಿಲ್ಲ.

ಒಂದೊಂದು ವಾಕ್ಯವನ್ನೂ ಗಡಿಯಾರ ಹಿಡಿದು ಅಳೆದಿದ್ದೆ. ಆದರೆ ಅಷ್ಟು ದಿನಗಳಲ್ಲಿ ಒಮ್ಮೆಯೂ ಆ ಗುಂಡಿಗಳ ಮೇಜು ಬಿಟ್ಟು ಎದುರಿನ ಕುರ್ಚಿಗಳಲ್ಲಿ ಕೂತು ನೋಡಿರಲಿಲ್ಲ.

ಆ ಶನಿವಾರ ಸಂಜೆ ಏಳಕ್ಕೆ ಹೊರಗೆ ಮಧ್ಯಾಹ್ನದಂಥ ಬಿಸಿಲು. ಮಿಶಿಗನ್ನಿನ ಜೂನ್‌ನಲ್ಲಿ ಕತ್ತಲು ಬೇಕೆಂದರೆ ಮಾಡಿಕೊಳ್ಳಬೇಕು. ಟೈಲ್ಸ್ ಅಂಕಲ್ಲಿನ ವ್ಯಾನೂ ಮೂರು ನಾಲ್ಕು ಕಾರುಗಳೂ ಬಂದವು. ಮದುವೆಗೆ ಹೊರಟಷ್ಟು ಅಚ್ಚುಕಟ್ಟಾಗಿ ಎಲ್ಲರೂ ಬಂದಿದ್ದರು. ತಾರಾಲಯದ ಬಾಗಿಲು ಚಿಕ್ಕದು, ಒಳಗೆ ಮಬ್ಬುಗತ್ತಲು, ಮೇಲೆ ಗುಮ್ಮಟ, ನಟ್ಟನಡುವೆ ಕಪ್ಪಗೆ ಏನೋ ನಿಂತಿದೆ, ಅದರ ಬುಡದಲ್ಲಿ ಒಂದು ಪುಟ್ಟ ಕೆಂಪು ದೀಪ. ಮುಂದೆ ನಡೆಯುತ್ತಿದ್ದ ಆಂಟಿ ಹೊಸ್ತಿಲಲ್ಲಿ ತಡೆದು, ಏನೂ ಯೋಚಿಸದೆ, ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟರು. ಹಿಂದಿದ್ದವರಿಗೆ ಅಷ್ಟು ಸಾಕಾಯಿತು. ಅಂಕಲ್‌ಗಳು ಗೋಡೆ ಹಿಡಿದುಕೊಂಡು ಶೂ ಲೇಸು ಬಿಚ್ಚಿದರು. ಮಕ್ಕಳು ಒದ್ದು ಕಳಚಿದರು.

ನಾನು ದಕ್ಷಿಣದ ಗೋಡೆಯ ಬಳಿ ಇದ್ದೆ. ತಡೆಯುವಷ್ಟರಲ್ಲಿ ಕೊನೆಯವರೂ ಬರಿಗಾಲಲ್ಲಿದ್ದರು. ಬಾಗಿಲ ಹೊರಗೆ ಎರಡು ಸಾಲು ಪಾದರಕ್ಷೆ. ನಿರ್ದೇಶಕಿ ಅದನ್ನು ನೋಡಿದರು, ನನ್ನನ್ನು ನೋಡಿದರು, ತಮ್ಮ ಕಪ್ಪು ಶೂಗಳನ್ನೂ ಬಿಟ್ಟು ಒಳಗೆ ಬಂದರು. ಆಮೇಲೆ ಗಟ್ಟಿಯಾಗಿ ಹೇಳಿದರು: “ದೀಪ ಆರಿದ ಮೇಲೆ ದಯವಿಟ್ಟು ಯಾರೂ ಎದ್ದು ಓಡಾಡಬಾರದು. ಇದೊಂದೇ ನಿಯಮ.”

ನಮ್ಮ ಮನೆಯ ಮೂವರೂ ಬಾಗಿಲಿಗೆ ಹತ್ತಿರವೆಂದು ಉತ್ತರದ ಕಡೆ ಕೂತರು. ದೀಪ ಆರಿಸಿದೆ. ಸೂರ್ಯ ಮುಳುಗಿಸಿದೆ. ನಕ್ಷತ್ರಗಳು ಬಂದಾಗ ಇಡೀ ಕೋಣೆ ಒಮ್ಮೆ ಉಸಿರು ಎಳೆದುಕೊಂಡಿತು. ಇಂಗ್ಲಿಷಿನಲ್ಲಿ ಶುರುಮಾಡಿದೆ. ಧ್ವನಿ ನಡುಗಲಿಲ್ಲ. ಸ್ವಾತಿಯ ಮೇಲೆ ಬೆಳಕಿನ ಬಾಣ ಇಟ್ಟು, ಇದಕ್ಕೆ ನಮ್ಮಲ್ಲಿ ಸ್ವಾತಿ ಎನ್ನುತ್ತಾರೆ ಎಂದೆ.

“ಇದೇನಾ ಸ್ವಾತಿ?” ಕತ್ತಲಲ್ಲಿ ಯಾರೋ ಹೆಂಗಸು. “ನಮ್ ನಾದಿನಿ ನಕ್ಷತ್ರ ಕಣ್ರೀ. ಇಷ್ಟು ವರ್ಷ ಬರೀ ಹೆಸರು ಕೇಳಿದ್ದೆ.”

“ಕೆಂಪಗಿದೆಯಲ್ಲ.”

“ಅವಳೂ ಹಾಗೇ. ಮೂಗಿನ ತುದೀಲೇ ಇರುತ್ತೆ ಕೋಪ.”

ನಗು. ನಿರ್ದೇಶಕಿಗೆ ಏನು ಅರ್ಥವಾಯಿತೋ, ಅವರೂ ನಕ್ಕರು. ಅಭಿಜಿತ್ ತೋರಿಸಿದೆ. ಎರಡರ ನಡುವಿನ ಸೊಟ್ಟ ಚೌಕ ತೋರಿಸಿದೆ. ವೀರನ ಕಥೆ ಹೇಳಿ, ಎಲ್ಲ ಸರಿಯಾದ ಕ್ಷಣಕ್ಕೆ ಬಂದಾಗ ಗುಂಡಿ ಒತ್ತಿ ರೇಖಾಚಿತ್ರ ಬೆಳಗಿಸಿದೆ.

ನನ್ನ ಅಕ್ಕಪಕ್ಕದ ಕುರ್ಚಿಗಳಿಂದ “ಹಾ, ಹೌದು” ಎಂಬ ಸದ್ದು ಬಂತು. ಎದುರಿನಿಂದ ಏನೂ ಬರಲಿಲ್ಲ. ಆಮೇಲೆ ಮನೆಯ ಹುಡುಗಿಯ ಸ್ಪಷ್ಟವಾದ ಧ್ವನಿ: “ಹೀ ಈಸ್ ಅಪ್‌ಸೈಡ್ ಡೌನ್.”

“ಶೀರ್ಷಾಸನ ಹಾಕ್ಯಾನಲ್ಲವಾ,” ಅಂಕಲ್ ಹೇಳಿದರು. “ಅದೂ ಒಂದು ಎಕ್ಸರ್ಸೈಜನ ಬಿಡು.”

ಆಗ ಹೊಳೆಯಿತು. ಉತ್ತರದಲ್ಲಿ ಕೂತು ದಕ್ಷಿಣಕ್ಕೆ ಮುಖ ಮಾಡಿದವರಿಗೆ ಹರ್ಕ್ಯುಲಿಸನ ತಲೆ ಕೆಳಗೆ, ಕಾಲು ಮೇಲೆ. ಇದು ಯಂತ್ರದ ತಪ್ಪಲ್ಲ, ಆಕಾಶದಲ್ಲೇ ಅವನು ಹಾಗಿದ್ದಾನೆ. ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ತಿಂಗಳಿಡೀ ನೆಟ್ಟಗೆ ಕಾಣುವ ಕಡೆಯಲ್ಲೇ ನಿಂತು ಅಭ್ಯಾಸ ಮಾಡಿದ್ದೆ. ಅರ್ಧ ಕೋಣೆಗೆ ನನ್ನ ವೀರ ಮೂಟೆಯಂತೆ ತೂಗಾಡುತ್ತಿದ್ದ. ನಿರ್ದೇಶಕಿ ಟಾರ್ಚನ್ನು ಆ ಅರ್ಧದಲ್ಲಿ ಯಾರಿಗಾದರೂ ಕೊಟ್ಟರೆ ಕೆಲಸ ಹೋಯಿತು. ಮುಂದಿನ ವಾಕ್ಯ ಬಾಯಿಗೆ ಬರಲಿಲ್ಲ. ಮೈಕಿನಲ್ಲಿ ನನ್ನ ಉಸಿರು ಮಾತ್ರ ಕೇಳುತ್ತಿತ್ತು.

“ಏನೇ,” ಆಂಟಿಯ ಧ್ವನಿ, ಅಡುಗೆಮನೆಯಿಂದ ಕೂಗಿದ ಹಾಗೆ. “ಆ ಕಡೆ ಬಂದು ನೋಡಿದ್ರೆ ನೆಟ್ಟಗೆ ಕಾಣ್ತಾನಾ?”

“ಹೂಂ ಆಂಟಿ,” ಎಂದೆ, ಮೈಕಿನಲ್ಲೇ, ಕನ್ನಡದಲ್ಲೇ.

ಕುರ್ಚಿ ಕಿರ್ರೆಂದಿತು. ಆಂಟಿ ಎದ್ದಿದ್ದರು. ನಡುವಿನ ಯಂತ್ರವನ್ನು ಬಲಕ್ಕಿಟ್ಟುಕೊಂಡು, ಕುರ್ಚಿಯ ಬೆನ್ನುಗಳನ್ನು ಮುಟ್ಟುತ್ತಾ, ಅದೇ ಬ್ಯಾಂಕ್ವೆಟ್ ಹಾಲಿನ ನಡಿಗೆಯಲ್ಲಿ ಹೊರಟರು. ಅವರ ಹಿಂದೆ ಇನ್ನೊಬ್ಬರು. ಅಂಕಲ್, “ನಡೀರಿ, ಸಾಲಾಗಿ ನಡೀರಿ, ಮುಂದಿನವರ ಕಾಲು ತುಳೀಬ್ಯಾಡ್ರಿ,” ಎನ್ನುತ್ತಾ ಎದ್ದರು. ನಾನು ಹುಚ್ಚಿಯಂತೆ ಗುಂಡಿ ತಡಕಾಡಿ, ಗೋಡೆಯಂಚಿನ ನೀಲಿ ದೀಪವನ್ನು ಎಳೆಯಷ್ಟು ಬೆಳಗಿಸಿದೆ. ನಕ್ಷತ್ರಗಳು ಮಂಕಾಗದಷ್ಟು, ಯಾರೂ ಎಡವದಷ್ಟು. ಆ ಬೆಳಕಿನಲ್ಲಿ ನಿರ್ದೇಶಕಿಯ ಮುಖದ ಕಡೆ ನೋಡಲಿಲ್ಲ.

ಉತ್ತರದವರು ದಕ್ಷಿಣಕ್ಕೆ ಬಂದಾಗ ದಕ್ಷಿಣದವರು ಕೂತಿರಲು ಸಂಕೋಚಪಟ್ಟು ತಾವೂ ಎದ್ದು ಸಾಲಿಗೆ ಸೇರಿ ಮುಂದೆ ಹೋದರು. ಹೀಗೆ ಇಡೀ ಕೋಣೆ ಒಂದೇ ದಿಕ್ಕಿಗೆ ತಿರುಗತೊಡಗಿತು. ಬರಿಗಾಲುಗಳಿಗೆ ಕಾರ್ಪೆಟ್ಟಿನ ಮೇಲೆ ಸದ್ದೇ ಇರಲಿಲ್ಲ. “ಈಗ ಎದ್ದ ನೋಡಿ,” ಎಂದರು ಈ ಕಡೆ ಬಂದವರು. “ಅಯ್ಯೋ, ಬಿದ್ದ,” ಎಂದರು ಆ ಕಡೆ ಹೋದವರು. ಟೈಲ್ಸ್ ಅಂಕಲ್, “ನಾ ಎರಡೂ ಕಡಿ ನೋಡ್ದೆ, ಮಂಡಿ ಚಲೋ ಕಾಣಸ್ತದ,” ಎಂದು ಸಾಕ್ಷಿ ನುಡಿದರು.

ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಎಲ್ಲರೂ ತಲೆಯೆತ್ತಿ ನಡೆಯುತ್ತಿದ್ದರು. ಅಳೆದಿಟ್ಟ ವಾಕ್ಯಗಳನ್ನು ಬಿಟ್ಟು ಸುಮ್ಮನೆ ಹೇಳತೊಡಗಿದೆ: ಇಲ್ಲಿ ಬಲ ಮಂಡಿ, ಇಲ್ಲಿ ಪಾದ, ಪಾದದ ಕೆಳಗೆ ಹಾವು. ಈಗ ಸೊಂಟದ ಪಕ್ಕ ನೋಡಿ, ನೇರ ನೋಡಬೇಡಿ, ಏನನ್ನೋ ಬಚ್ಚಿಟ್ಟವನ ಕೈಯನ್ನು ನೋಡುವ ಹಾಗೆ ಓರೆಗಣ್ಣಿನಲ್ಲಿ ನೋಡಿ. ಇಂಗ್ಲಿಷ್ ಎಷ್ಟು, ಕನ್ನಡ ಎಷ್ಟು ಎಂದು ಈಗ ನೆನಪಿಲ್ಲ. “ಸಿಕ್ತು, ಹಣ್ಣು ಸಿಕ್ತು,” ಎಂದು ಒಂದೊಂದೇ ಕಡೆಯಿಂದ ಸದ್ದು ಬಂತು. ಅರ್ಧಕ್ಕೆ ನಿಲ್ಲಿಸಬಾರದೆಂದು ಆಂಟಿ ಸುತ್ತು ಪೂರ್ತಿ ಮಾಡಿ ತಮ್ಮ ಕುರ್ಚಿಗೇ ಬಂದು ಕೂತರು, ಎಲ್ಲರೂ ಹಾಗೆಯೇ ಮಾಡಿದರು.

ನಿರ್ದೇಶಕಿ ನನ್ನ ಪಕ್ಕಕ್ಕೆ ಬಂದು ರೇಖಾಚಿತ್ರ ಆರಿಸಿದರು. ಬರೀ ಚುಕ್ಕಿಗಳು. ಟಾರ್ಚ್ ಹಿಡಿದು ಕತ್ತಲಲ್ಲಿ ಎದುರಿಗೆ ನಡೆದು ಹೋದದ್ದು ಕಂಡಿತು. ಯಾರ ಮುಂದೆ ನಿಂತರೆಂದು ಧ್ವನಿ ಕೇಳಿದಾಗ ಗೊತ್ತಾಯಿತು.

“ಮಿ?” ಎಂದಳು ಮನೆಯ ಹುಡುಗಿ.

ಬೆಳಕಿನ ಬಾಣ ಗುಮ್ಮಟದ ಮೇಲೆ ಅಡ್ಡಾದಿಡ್ಡಿ ಓಡಿತು. ಸ್ವಾತಿಗೆ ಹೋಯಿತು, ಅಭಿಜಿತ್‌ಗೆ ಹೋಯಿತು, ಹಿಂದಕ್ಕೆ ಬಂದು ಸೊಟ್ಟ ಚೌಕದ ಮೇಲೆ ನಿಂತಿತು.

“ದಿಸ್ ಈಸ್ ದ ಬಾಕ್ಸ್,” ಎಂದಳು. ಬಾಣ ಅಲ್ಲಿಂದ ಕದಲಲಿಲ್ಲ.

ನಾನು ಮೇಜಿನ ಅಂಚು ಹಿಡಿದುಕೊಂಡೆ. ಅವಳು ಮತ್ತೆ ಉತ್ತರದ ಕುರ್ಚಿಯಲ್ಲೇ ಇದ್ದಳು. ಅವನು ಅವಳಿಗೆ ಮತ್ತೆ ತಲೆಕೆಳಗು.

“ವೇಟ್,” ಎಂದಳು. ನೀಲಿ ಬೆಳಕಿನಲ್ಲಿ ಅವಳು ಕುರ್ಚಿಯ ಮೇಲೆ ಹಿಂದುಮುಂದಾಗಿ ಹೊರಳಿ, ಕುರ್ಚಿಯ ಬೆನ್ನಿಗೆ ಎದೆ ಆನಿಸಿ, ಗೋಡೆಗೆ ಮುಖ ಮಾಡಿ, ಎರಡೂ ಮಂಡಿ ಊರಿ ಕುಳಿತು, ತಲೆಯನ್ನು ಪೂರ್ತಿ ಹಿಂದಕ್ಕೆ ಚೆಲ್ಲಿದಳು. ಬಾಣ ಮತ್ತೆ ಚಲಿಸಿತು, ಈ ಸಲ ನಿಧಾನವಾಗಿ.

“ನೀ. ಫುಟ್. ಸ್ನೇಕ್. ಹೆಡ್.” ಒಂದೊಂದರ ಮೇಲೂ ನಿಂತು ನಿಂತು ಹೋಯಿತು. ಕೊನೆಗೆ ಚೌಕದ ಬದಿಗೆ ಬಂದು, ಮಸುಕು ಉಂಡೆಯ ಮೇಲಲ್ಲ, ಅದರ ಸ್ವಲ್ಪ ಪಕ್ಕದಲ್ಲಿ ನಿಂತಿತು. “ಅಂಡ್ ದ ಆಪಲ್ಸ್. ಯು ಕಾಂಟ್ ಲುಕ್ ರೈಟ್ ಅಟ್ ದೆಮ್.”

ನಾನು ಸೂರ್ಯ ಹುಟ್ಟಿಸಿದೆ. ಸೂರ್ಯ ತುಸು ಬೇಗನೆ ಹುಟ್ಟಿದ.

ಎಲ್ಲರೂ ಹೊರಗೆ ಹೋಗಿ ಪಾದರಕ್ಷೆ ಹುಡುಕುವ ಗದ್ದಲದಲ್ಲಿದ್ದಾಗ ನಿರ್ದೇಶಕಿ ನನ್ನ ಬಳಿ ಬಂದರು. ಪೆನ್ಸಿಲ್ ತೆಗೆದು ಈ ಸಲ ನಿಜವಾಗಿಯೂ ಏನನ್ನೋ ಗೀಚಿಕೊಂಡರು. “ಕತ್ತಲಲ್ಲಿ ಜನರನ್ನು ನಡೆಸುವಂತಿಲ್ಲ. ಯಾರಾದರೂ ಬಿದ್ದರೆ ಈ ಕೋಣೆಗೆ ಬೀಗ ಹಾಕುತ್ತಾರೆ. ಆ ಹುಡುಗಿ ಮಾಡಿದಳಲ್ಲ, ಕುರ್ಚಿಯ ಮೇಲೆ ಮಂಡಿಯೂರಿ ತಿರುಗುವುದು, ಅದನ್ನು ಇಟ್ಟುಕೊಳ್ಳಿ.”

“ಇಟ್ಟುಕೊಳ್ಳಿ ಎಂದರೆ?”

“ಮಂಗಳವಾರ ಮತ್ತು ಶನಿವಾರ. ಸೆಪ್ಟೆಂಬರ್‌ನಿಂದ. ಅಷ್ಟರೊಳಗೆ ಯಂತ್ರ ಒರೆಸುವುದು ಕಲಿಯಬೇಕು, ಸೋಮವಾರ ಬನ್ನಿ.” ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟು, ಹೊರಗೆ ಇಣುಕಿ ನಿಂತರು. “ಇನ್ನೊಂದು ವಿಷಯ. ಶೂ ಬಿಡಬೇಕಾಗಿಲ್ಲ ಎಂದು ಪ್ರತಿ ಪ್ರದರ್ಶನಕ್ಕೂ ಮೊದಲು ದಯವಿಟ್ಟು ಹೇಳಿ.”

ಏಕೆಂದು ಹೊರಗೆ ಬಂದಾಗ ತಿಳಿಯಿತು. ವ್ಯಾನ್ ಹೊರಟುಹೋಗಿತ್ತು, ಕಾರುಗಳೂ ಇರಲಿಲ್ಲ. ಬಾಗಿಲ ಬಳಿ ಉಳಿದಿದ್ದದ್ದು ಒಂದೇ ಜೊತೆ: ಬೆರಳಿಗೆ ಕೆಂಪು ಕುಚ್ಚಿದ್ದ ಆಂಟಿಯ ಕೊಲ್ಹಾಪುರಿ ಚಪ್ಪಲಿ. ನಿರ್ದೇಶಕಿ ಅದರೊಳಗೆ ಅರ್ಧ ಪಾದ ತೂರಿಸಿ, ಹಿಮ್ಮಡಿ ನೆಲಕ್ಕೆ ತಾಗಿಸಿಕೊಂಡು, ಸಂಜೆಯ ಬಿಸಿಲಿನಲ್ಲಿ ಚಟಪಟ ಸದ್ದು ಮಾಡುತ್ತಾ ತಮ್ಮ ಕಾರಿನ ಕಡೆ ನಡೆದರು.

ಮನೆಗೆ ಬಂದಾಗ ಆಂಟಿ ಸೋಫಾದ ಮೇಲೆ ಕೂತು ತಮ್ಮ ಕಾಲುಗಳನ್ನು ಮೆಚ್ಚುಗೆಯಿಂದ ನೋಡಿಕೊಳ್ಳುತ್ತಿದ್ದರು. “ಗಡಿಬಿಡೀಲಿ ಯಾರದೋ ಹಾಕ್ಕೊಂಡ್ ಬಂದ್ಬಿಟ್ಟಿದೀನಿ ಕಣೇ. ಎಷ್ಟು ಮೆತ್ತಗಿದೆ. ಅದಿರ್ಲಿ, ಏನಂದ್ರು ನಿಮ್ಮ ಮೇಡಮ್ಮು?”

ಹೇಳಿದೆ. ಸೋಮವಾರ ಬೆಳಗ್ಗೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಕಪ್ಪು ಶೂ ಹಿಡಿದುಕೊಂಡು ಕೆಲಸಕ್ಕೆ ಹೋದೆ.